ನೀರಿನ ಗಿರಣಿಯನ್ನು ನಿಲ್ಲಿಸಿ ಉಳಿಸಲಾಗದು

ಹಳೆಯ ಗಿರಣಿಯ ದುರಸ್ತಿ ಅಂದ ಕೂಡಲೇ ಎಲ್ಲರೂ ಗೋಡೆ, ಚಾವಣಿ ನೋಡುತ್ತಾರೆ. ಹಳೆಯ ಕಟ್ಟಡಗಳನ್ನು ಉಳಿಸುವುದೇ ನನ್ನ ಕಸುಬು. ಗಿರಣಿಯಾದರೆ ನಾನು ಮೊದಲು ಕೇಳುವುದು, ಚಕ್ರ ತಿರುಗುತ್ತದಾ ಅಂತ.

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ, ಮೌಂಟ್ ವರ್ನನ್ ಎಂಬ ಎಸ್ಟೇಟಿನ ಹತ್ತಿರ, ಆ ದೇಶದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಹಿಟ್ಟಿನ ಗಿರಣಿ ಇದೆ. ಅದು ಶುರುವಾದದ್ದು 1771ರಲ್ಲಿ, ಅಲ್ಲಿ ಇನ್ನೂ ಬ್ರಿಟಿಷರ ಆಳ್ವಿಕೆ ಇದ್ದಾಗ. ಮುಂದಿನ ಶತಮಾನದ ನಡುವಿಗೆ ಪೂರ್ತಿ ಹಾಳುಬಿತ್ತು. 1932ರಲ್ಲಿ ರಾಜ್ಯ ಸರ್ಕಾರ ಜಾಗ ಕೊಂಡು, ಅಗೆದು, ಹಳೆಯ ಪಾಯದ ಮೇಲೆ ಹೊಸದಾಗಿ ಕಟ್ಟಿಸಿತು. ಯಂತ್ರಗಳು ಬಂದದ್ದು ಅದೇ ರಾಜ್ಯದ ಫ್ರಂಟ್ ರಾಯಲ್ ಊರಿನ ಕಡೆಯ ಬೇರೊಂದು ಹಳೆಯ ಗಿರಣಿಯಿಂದ. ಅಂದರೆ ಈಗಿನ ಗೋಡೆ ವಾಷಿಂಗ್ಟನ್ ಕಾಲದ್ದಲ್ಲ. ಆದರೂ 2002ರಲ್ಲಿ ಮತ್ತೆ ತೆರೆದ ಮೇಲೆ ಅಲ್ಲಿ ನೀರಿನ ಚಕ್ರದಿಂದಲೇ ಮೆಕ್ಕೆಜೋಳ, ಗೋಧಿ ಬೀಸಿ ತೋರಿಸುತ್ತಾರೆ. ಬೀಗ ಹಾಕಿಟ್ಟ ಅಸಲಿ ಗೋಡೆಗಿಂತ ಇದಕ್ಕೇ ನನ್ನ ಓಟು.

ಕಾರಣ ಇದೆ. ಮರದ ಚಕ್ರವನ್ನು ಸುಮ್ನೆ ನಿಲ್ಲಿಸಿದರೆ ಕೆಳಗಿನ ಅರ್ಧ ನೀರು ಕುಡಿದು ಭಾರವಾಗುತ್ತದೆ, ಮೇಲಿನ ಅರ್ಧ ಒಣಗಿ ಬಿರಿಯುತ್ತದೆ. ಆಮೇಲೆ ತಿರುಗಿಸಿದರೆ ತೂಕ ತಪ್ಪಿ ಕುಲುಕುತ್ತದೆ, ಅಚ್ಚು ಸವೆಯುತ್ತದೆ. ಬೀಸುವ ಕಲ್ಲಿನದೂ ಅದೇ ಕಥೆ. ಮೇಲಿನ ಕಲ್ಲು ತಿರುಗುತ್ತದೆ, ಕೆಳಗಿನದು ಅಲ್ಲಾಡುವುದಿಲ್ಲ, ನಡುವೆ ಕಾಗದದಷ್ಟೇ ಸಂದು. ಅವು ಒಂದಕ್ಕೊಂದು ತಾಗಲೇಬಾರದು. ನಮ್ಮಲ್ಲಿ ಬೀಸುವ ಕಲ್ಲಿಗೆ ಮುಳ್ಳು ಹಾಕಿಸುತ್ತಿದ್ದರಲ್ವಾ, ಹಾಗೆಯೇ ಇಲ್ಲಿಯೂ ಆಗಾಗ ಮೇಲಿನ ಕಲ್ಲನ್ನು ಎತ್ತಿ ಮಗುಚಿ ಗೆರೆಗಳನ್ನು ಕೆತ್ತಬೇಕು. ಕಲ್ಲು ಮೊಂಡಾದರೆ ಹಿಟ್ಟು ಬಿಸಿಯಾಗಿ ಕಮಟು ವಾಸನೆ ಬರುತ್ತದೆ.

ದುರಸ್ತಿಯಲ್ಲಿ ಜಾಸ್ತಿ ಕೆಡುವುದು ಒಂದು ಕಡೆ. ಇಂಥ ಹಳೆಯ ಗಿರಣಿಗಳಲ್ಲಿ ಕಲ್ಲುಗಳನ್ನು ಹೊರುವ ದಪ್ಪ ತೊಲೆಗಳ ಚೌಕಟ್ಟು ಸಾಮಾನ್ಯವಾಗಿ ಗೋಡೆಗೆ ತಾಗದೆ, ತನ್ನದೇ ಪಾಯದ ಮೇಲೆ ನಿಂತಿರುತ್ತದೆ. ಬೀಸುವಾಗಿನ ನಡುಕ ಗೋಡೆಗೆ ಹೋಗಬಾರದು ಅಂತ. ಗಟ್ಟಿಯಾಗಲಿ ಎಂದು ಯಾರೋ ಅದನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿದರೆ ಗೋಡೆ ಬಿರುಕು ಬಿಡುತ್ತದೆ. ಆ ಬಿರುಕಿಗೆ ಸಿಮೆಂಟು ಮೆತ್ತಿದರೆ ಮುಗಿಯಿತು, ಸುಣ್ಣದ ಗಾರೆಯ ಗೋಡೆಯೊಳಗಿನ ತೇವ ಹೊರಬರಲಾಗದೆ ಕಲ್ಲನ್ನೇ ತಿನ್ನುತ್ತದೆ.

ಇನ್ನೊಂದು ಮಾತು. ವಾಷಿಂಗ್ಟನ್ ಅವರ ಆ ಗಿರಣಿಗೆ ಹಿಟ್ಟು ತುಂಬುವ ಪೀಪಾಯಿ ಮಾಡಿದವರಲ್ಲಿ, ಒಳಗೆ ದುಡಿದವರಲ್ಲಿ ಗುಲಾಮರಾಗಿದ್ದ ಜನರಿದ್ದರು. ಯಂತ್ರದ ಜಾಣತನವನ್ನಷ್ಟೇ ತೋರಿಸಿ ಅವರನ್ನು ಬಿಟ್ಟರೆ ಅರ್ಧ ಗಿರಣಿ ಉಳಿಸಿದಂತೆ.

ಅಂದಾಜುಪಟ್ಟಿ ಮಾಡುವವರಿಗೆ ನನ್ನ ಒತ್ತಾಯ ಇಷ್ಟೇ: ಬಣ್ಣ, ದೀಪ, ಫಲಕಗಳಿಗಿಂತ ಮೊದಲು ಗಿರಣಿ ನಡೆಸುವವರ ಸಂಬಳ ಬರೆಯಿರಿ. ಜೊತೆಗೆ ಅವರ ಕೈಕೆಳಗೆ ಕಲಿಯುವ ಒಬ್ಬರದ್ದೂ.