ಸೈನೈಡ್ ಗುಡ್ಡದ ಪಕ್ಕದ ಬೋರ್‌ವೆಲ್ ನೀರು: ಕುದಿಸಿದರೆ ಸಾಕೇ?

ಪ್ರಶ್ನೆ: ನಮ್ಮ ಮನೆ ಕೆಜಿಎಫ್‌ನಲ್ಲಿ, ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಗಣಿ ಮಣ್ಣು ಸುರಿದು ಆದ ಸೈನೈಡ್ ಗುಡ್ಡದ ಹತ್ತಿರ. ಬೋರ್‌ವೆಲ್ ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯುತ್ತೇವೆ. ಭಯವಿಲ್ಲ ತಾನೇ?

ಉತ್ತರ: ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಕುದಿಸಿದರೆ ಸಾಯುವುದು ಕ್ರಿಮಿಗಳು ಮಾತ್ರ. ವಾಂತಿ-ಭೇದಿ ತಪ್ಪುತ್ತದೆ, ಒಳ್ಳೆಯದೇ. ಆದರೆ ನೀರಿನಲ್ಲಿ ಕರಗಿದ ಫ್ಲೋರೈಡ್, ಆರ್ಸೆನಿಕ್ ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಅವು ಪಾತ್ರೆಯಲ್ಲೇ ಉಳಿಯುತ್ತವೆ. ಸಾರು ಜಾಸ್ತಿ ಕುದಿದರೆ ಉಪ್ಪಾಗುತ್ತದೆ, ಅಲ್ವಾ? ಇದೂ ಹಾಗೇ. "ಅರ್ಧ ಗಂಟೆ ಕುದಿಸ್ತೀವಿ ಸಾರ್" ಎಂದು ಹೆಮ್ಮೆಯಿಂದ ಹೇಳುವವರ ಲೋಟದಲ್ಲೇ ಫ್ಲೋರೈಡ್ ಹೆಚ್ಚು! ಬಟ್ಟೆಯಲ್ಲಿ ಸೋಸಿದರೂ, ಕ್ಲೋರಿನ್ ಹಾಕಿದರೂ ಅಷ್ಟೆ. ನೀರು ತಿಳಿಯಾಗಿದೆ, ಸಿಹಿಯಾಗಿದೆ ಅನ್ನುವ ಮಾತೂ ಬೇಡ. ಇವಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಗುಡ್ಡದ ಹೆಸರು ಕೇಳಿ ಎಲ್ಲರೂ ಸೈನೈಡ್‌ಗೇ ಹೆದರುತ್ತಾರೆ. ಬಿಸಿಲು, ಗಾಳಿಗೆ ಅದು ವರ್ಷಗಳಲ್ಲಿ ಬಹುಪಾಲು ಒಡೆದುಹೋಗುತ್ತದೆ. ಆರ್ಸೆನಿಕ್‌ನಂಥವು ಹಾಗಲ್ಲ. ಫ್ಲೋರೈಡ್‌ಗಂತೂ ಗುಡ್ಡವನ್ನು ಸುಮ್ನೆ ಬೈಯಬೇಡಿ. ಅದು ಕೋಲಾರದ ಬಂಡೆಯಲ್ಲೇ ಇದೆ, ಗಣಿಯಿಲ್ಲದ ಊರುಗಳಲ್ಲೂ ಸಿಗುತ್ತದೆ. ನೀರು ಪರೀಕ್ಷೆಗೆ ಕೊಡುವಾಗ ಮೂರನ್ನೂ ಹೆಸರು ಹೇಳಿ ಕೇಳಿ. ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಸೈನೈಡ್ 0.05, ಆರ್ಸೆನಿಕ್ 0.01 ದಾಟಬಾರದು.

ಇಷ್ಟು ವರ್ಷವಾದರೂ ಈ ಗುಡ್ಡ ಹೀಗೇ ಯಾಕಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಗಣಿ ಮುಚ್ಚುವ ಯೋಜನೆ ಕಡ್ಡಾಯವಾದದ್ದು 2003ರಲ್ಲಿ. ಗುಡ್ಡವನ್ನು ಏನು ಮಾಡುತ್ತೀರಿ, ನೀರನ್ನು ಹೇಗೆ ಕಾಯುತ್ತೀರಿ, ಕೆಲಸ ಹೋಗುವವರ ಗತಿಯೇನು, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಈಗಂತೂ ಅಂತಿಮ ಯೋಜನೆಯನ್ನು ಗಣಿ ಮುಚ್ಚುವ 2 ವರ್ಷ ಮೊದಲೇ ಕೊಡಬೇಕು. ಇಲ್ಲಿ ಗಣಿಗೆ ಬೀಗ ಬಿದ್ದಾಗ ಆ ನಿಯಮವೇ ಇರಲಿಲ್ಲ. ಕಾರ್ಮಿಕರು ಬಾಕಿಗೂ ಕ್ವಾರ್ಟರ್ಸ್‌ಗೂ ವರ್ಷಗಟ್ಟಲೆ ಓಡಾಡಿದರು. ಅವರ ಮಕ್ಕಳು ಬೆಂಗಳೂರಿನ ರೈಲು ಹತ್ತಿದರು.

ಗಣಿಯಿಂದ ತೊಂದರೆಗೊಳಗಾದ ಜನರ ಕುಡಿಯುವ ನೀರು ಮುಂತಾದವಕ್ಕೆಂದು 2015ರಲ್ಲಿ ಜಿಲ್ಲಾ ಖನಿಜ ನಿಧಿ ಬಂತಲ್ಲ, ಅದಿಲ್ಲವೇ ಅನ್ನಬಹುದು. ಆ ಹಣ ಬರುವುದು ನಡೆಯುತ್ತಿರುವ ಗಣಿಗಳು ಖನಿಜ ತೆಗೆದದ್ದಕ್ಕೆ ಸರ್ಕಾರಕ್ಕೆ ಕಟ್ಟುವ ರಾಯಧನದ ಲೆಕ್ಕದಲ್ಲಿ. 14 ವರ್ಷ ಮೊದಲೇ ಮುಚ್ಚಿದ ಗಣಿ ಅದಕ್ಕೆ ಏನು ಕಟ್ಟೀತು?