ಆಟಗಾರ ಬೇರೆ, ಕರಾರು ಬೇರೆ

2025ರ ಶ್ರಾವಣದ ಮೊದಲ ವಾರ. ಅಮೆರಿಕದ ಅರಿಜೋನಾದ ಚಾಂಡ್ಲರ್‌ನಲ್ಲಿ ಗೆಳೆಯರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಹೊರಗೆ 110 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಹಾಗಾಗಿ ಊಟ ಆದ ಮೇಲೂ ಎಲ್ಲರೂ ಹಾಲ್‌ನಲ್ಲೇ ಕೂತಿದ್ದೆವು. ಆ ಮನೆಯ ಹನ್ನೆರಡು ವರ್ಷದ ಹುಡುಗ ಬಾಸ್ಕೆಟ್‌ಬಾಲ್ ಆಟಗಾರ ಡೆವಿನ್ ಬುಕರ್‌ನ 1ನೇ ನಂಬರ್ ಜರ್ಸಿ ಹಾಕಿಕೊಂಡಿದ್ದ. ಪಾಯಸದ ಲೋಟ ಹಿಡಿದು ನನ್ನ ಪಕ್ಕ ಬಂದು ಕೂತ. "ಅಂಕಲ್, ನೀವು ಬಿಸಿನೆಸ್‌ಗೆಲ್ಲ ಬೆಲೆ ಕಟ್ತೀರಂತೆ. ಬುಕರ್‌ಗೆ ಕೊಡ್ತಿರೋದು ಜಾಸ್ತಿ ಆಯ್ತಾ?" ಅಂತ ಕೇಳಿದ.

ಎನ್‌ಬಿಎ ಅನ್ನುವ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ಆಡುವ ಫೀನಿಕ್ಸ್ ಸನ್ಸ್ ತಂಡ ಆಗ ತಾನೇ ಬುಕರ್‌ನ ಕರಾರನ್ನು ಇನ್ನೆರಡು ವರ್ಷ ಮುಂದಕ್ಕೆ ಹಾಕಿತ್ತು. ಆ ಎರಡೇ ವರ್ಷಕ್ಕೆ 14.5 ಕೋಟಿ ಡಾಲರ್. ನಾನು ಬಾಯಿ ತೆರೆಯುವ ಮೊದಲೇ ದೊಡ್ಡವರು ಶುರು ಮಾಡಿದರು. "ಒಬ್ಬನಿಗೆ ಅಷ್ಟೊಂದು ದುಡ್ಡಾ? ಅನ್ಯಾಯ" ಅಂದರು ಒಬ್ಬರು. "ಒಳ್ಳೆ ಆಟಗಾರ ಅಲ್ವಾ, ಕೊಟ್ಟರೆ ತಪ್ಪೇನು?" ಅಂದರು ಇನ್ನೊಬ್ಬರು.

ಈ ಎರಡು ಮಾತನ್ನೂ ನನ್ನ ಆಫೀಸಿನಲ್ಲಿ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಎರಡೂ ತಪ್ಪು. ಪಾಲುದಾರರು ಬೇರೆಯಾಗುವಾಗ, ಅಂಗಡಿ ಮಾರುವಾಗ ಆ ವ್ಯಾಪಾರ ಎಷ್ಟು ಬೆಲೆ ಬಾಳುತ್ತೆ ಅಂತ ಹೇಳುವುದು ನನ್ನ ಕೆಲಸ. ಬಂದವರು ಒಂದೋ ಮೊತ್ತ ನೋಡಿ ಹೆದರುತ್ತಾರೆ, ಇಲ್ಲಾ ವಸ್ತು ನೋಡಿ ಮರುಳಾಗುತ್ತಾರೆ. ನಡುವೆ ಇರುವ ಕರಾರಿನ ಕಾಗದವನ್ನು ಓದುವವರು ಕಮ್ಮಿ. ಸನ್ಸ್ ತಂಡದ ಕಥೆ ಈ ತಪ್ಪಿಗೆ ಇಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ಈಗೀಗ ಗಿರಾಕಿಗಳಿಗೆ ಅದನ್ನೇ ಹೇಳುತ್ತೇನೆ.

ಬ್ರಾಡ್ಲಿ ಬೀಲ್ ಅವರನ್ನೇ ತೆಗೆದುಕೊಳ್ಳಿ. ವಾಷಿಂಗ್ಟನ್ ವಿಜರ್ಡ್ಸ್ ಪರ ಎರಡು ಸೀಸನ್ ಸತತವಾಗಿ ಪಂದ್ಯಕ್ಕೆ ಸರಾಸರಿ 30 ಅಂಕ ದಾಟಿದವರು. 2022ರಲ್ಲಿ ಆ ತಂಡ ಅವರಿಗೆ ಐದು ವರ್ಷಕ್ಕೆ 25.1 ಕೋಟಿ ಡಾಲರ್ ಕೊಟ್ಟಿತು. ಜೊತೆಗೆ ಒಂದು ಸಾಲು ಸೇರಿಸಿತು: ಇವರ ಒಪ್ಪಿಗೆ ಇಲ್ಲದೆ ಬೇರೆ ತಂಡಕ್ಕೆ ಕಳಿಸುವಂತಿಲ್ಲ. ಇದು ಎನ್‌ಬಿಎಯಲ್ಲಿ ತೀರ ಅಪರೂಪದ ಷರತ್ತು. ಮುಂದಿನ ವರ್ಷವೇ, 2023ರ ಜೂನ್‌ನಲ್ಲಿ, ಸನ್ಸ್ ಅವರನ್ನು ಕರೆತಂದಿತು. ಬದಲಿಗೆ ಕೊಟ್ಟಿದ್ದು ವಯಸ್ಸಾದ ಕ್ರಿಸ್ ಪಾಲ್, ಲ್ಯಾಂಡ್ರಿ ಶ್ಯಾಮೆಟ್, ಒಂದಷ್ಟು ಎರಡನೇ ಸುತ್ತಿನ ಪಿಕ್‌ಗಳು, ಪಿಕ್ ಅದಲುಬದಲಿನ ಹಕ್ಕುಗಳು. ಪಿಕ್ ಅಂದರೆ ಪ್ರತಿ ವರ್ಷ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿ. ಊರೆಲ್ಲ ಖುಷಿಪಟ್ಟಿತು. ಇಷ್ಟು ಕಮ್ಮಿಗೆ ಇಂಥ ಆಟಗಾರ ಸಿಕ್ಕಿದನಲ್ಲ ಅಂತ.

ನನಗೆ ಆ ದಿನವೇ ಕಸಿವಿಸಿ ಆಗಿತ್ತು. ಯಾರಾದರೂ ಒಳ್ಳೆ ವಸ್ತುವನ್ನು ಅಗ್ಗಕ್ಕೆ ಬಿಟ್ಟುಕೊಡುತ್ತಿದ್ದರೆ ಅದರ ಬಾಲಕ್ಕೆ ಏನು ಕಟ್ಟಿದೆ ಅಂತ ನೋಡಬೇಕು. ಬೀಲ್ ಜೊತೆಗೆ ಬಂದಿದ್ದು ನಾಲ್ಕು ವರ್ಷದ ಸಂಬಳ, ಪ್ರತಿ ವರ್ಷದ ಏರಿಕೆ, ಮತ್ತು ಆ ಷರತ್ತು. ಷರತ್ತು ಕರಾರಿನ ಜೊತೆಗೇ ಸಾಗಿ ಬಂತು.

ಇಂಥದ್ದೇ ಒಂದು ಕೇಸು ನನ್ನ ಮೇಜಿನ ಮೇಲೂ ಬಂದಿತ್ತು. ಹಾಸನದ ಕಡೆಯವರು, ಇಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುತ್ತಿದ್ದವರು. ಅವರ ಪಾಲುದಾರ ಹೊರಗೆ ಹೋಗಬೇಕು ಅಂದ. ಇವರು ನನ್ನನ್ನು ಹೋಟೆಲಿಗೇ ಕರೆಸಿ, ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು, ಕಿಟಕಿಯಿಂದ ಪಾರ್ಕಿಂಗ್ ತೋರಿಸಿದರು. "ಜಾಗ ನೋಡಿ ಸಾರ್. ಮುಂದೆ ಸ್ಕೂಲು, ಪಕ್ಕದಲ್ಲಿ ಆಫೀಸು. ಇಂಥ ಜಾಗ ಎಲ್ಲಿ ಸಿಗುತ್ತೆ?" ಜಾಗ ನಿಜವಾಗಿಯೂ ಚೆನ್ನಾಗಿತ್ತು. ನಾನು ಲೀಸ್ ಕೇಳಿದೆ. ತಂದರು. ಮೊದಲ ಪುಟದ ಮೇಲೆ ಸಾಂಬಾರಿನ ಕಲೆ, ಉಳಿದ ಪುಟಗಳು ಹೊಸದಾಗಿಯೇ ಇದ್ದವು. ಹತ್ತು ವರ್ಷದ ಲೀಸ್, ಏಳು ವರ್ಷ ಬಾಕಿ. ಬಾಡಿಗೆ ವರ್ಷಕ್ಕೆ ನೂರಕ್ಕೆ 4 ಏರುತ್ತೆ. ಮಾಲೀಕನ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ವಹಿಸುವಂತಿಲ್ಲ. ಸುತ್ತಮುತ್ತಲ ಬಾಡಿಗೆಗಿಂತ ಇವರದ್ದು ಮೊದಲ ದಿನದಿಂದಲೇ ಮೂರನೇ ಒಂದು ಭಾಗ ಜಾಸ್ತಿ.

"ಹೋಟೆಲಿಗೆ ಬೆಲೆ ಇದೆ, ಲೀಸ್ ಅದನ್ನು ತಿಂದು ಹಾಕಿದೆ" ಅಂದೆ. ಅವರು ಮತ್ತೆ ಕಿಟಕಿಯತ್ತ ಕೈ ತೋರಿಸಿದರು. "ಆದರೂ ಸಾರ್, ಜಾಗ ನೋಡಿ." ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಬೆಳಿಗ್ಗೆ ಐದಕ್ಕೆ ಎದ್ದು ಹಿಟ್ಟು ರುಬ್ಬುವ ಮನುಷ್ಯ. ಸಹಿ ಹಾಕುವ ಮುನ್ನ ಒಂದು ಗಂಟೆ ಆ ಕಾಗದ ಓದಿದ್ದರೆ ಸಾಕಿತ್ತು.

ಬೀಲ್ ಅವರ ವಿಷಯದಲ್ಲೂ ಜನ ಹೀಗೆ ಕಿಟಕಿಯನ್ನೇ ತೋರಿಸುತ್ತಾರೆ. "ಎಷ್ಟು ಚೆನ್ನಾಗಿ ಶೂಟ್ ಮಾಡ್ತಾನೆ ನೋಡಿ." ಹೌದು, ಚೆನ್ನಾಗಿ ಆಡುತ್ತಾರೆ. ಸನ್ಸ್‌ನಲ್ಲಿ ಅವರ ಎರಡನೇ ಸೀಸನ್‌ನಲ್ಲಿ ಪಂದ್ಯಕ್ಕೆ 17 ಅಂಕ, ಆಡಿದ್ದು 53 ಪಂದ್ಯ. 17 ಅಂಕದ ಆಟಗಾರ ಯಾವ ತಂಡಕ್ಕಾದರೂ ಬೇಕು. ಆದರೆ ಆ ವರ್ಷ ಅವರ ಸಂಬಳ 5.02 ಕೋಟಿ ಡಾಲರ್. 2025ರ ಜನವರಿಯಲ್ಲಿ ತಂಡ ಅವರನ್ನು ಮೊದಲ ಐವರಲ್ಲಿ ಇಳಿಸದೆ ಬೆಂಚಿನಿಂದ ಆಡಿಸಲು ಶುರು ಮಾಡಿತು. ಬೆಂಚಿನಿಂದ ಬಂದ ಮೊದಲ ಪಂದ್ಯದಲ್ಲೇ 25 ಅಂಕ ಹೊಡೆದರು. ಬೇರೆ ತಂಡಕ್ಕೆ ಕಳಿಸೋಣ ಅಂದರೆ ಅವರು ಒಪ್ಪಬೇಕು. ಒಪ್ಪದಿರುವುದು ಅವರ ಹಕ್ಕು. ಕಾಗದದಲ್ಲಿ ಬರೆದುಕೊಟ್ಟ ಹಕ್ಕು. ಅದಕ್ಕಾಗಿ ಅವರನ್ನು ಬೈಯುವುದು ನನಗೆ ಇಷ್ಟವಾಗುವುದಿಲ್ಲ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಎಲ್ಲರೂ ಎಡವುವುದು ಇಲ್ಲೇ.

ಸಾಮಾನ್ಯ ವ್ಯಾಪಾರದಲ್ಲಿ ದುಡ್ಡಿದ್ದರೆ ಇನ್ನಷ್ಟು ಜನರನ್ನು ಇಟ್ಟುಕೊಳ್ಳಬಹುದು. ಎನ್‌ಬಿಎಯಲ್ಲಿ ಹಾಗಲ್ಲ. ತಂಡದ ಒಟ್ಟು ಸಂಬಳಕ್ಕೆ ಒಂದು ಕ್ಯಾಪ್, ಅಂದರೆ ಮಿತಿ ಇದೆ. ಒಬ್ಬ ಆಟಗಾರನ ಸಂಬಳಕ್ಕೂ ಮಿತಿ ಇದೆ. ಹತ್ತು ವರ್ಷ ಆಡಿದವರಿಗೆ ಕರಾರಿನ ಮೊದಲ ವರ್ಷ ಕ್ಯಾಪ್‌ನ ನೂರಕ್ಕೆ 35ರಷ್ಟು. ಅದಕ್ಕಿಂತ ಮೇಲೆ ಕೊಡುವಂತಿಲ್ಲ. ಇದರಿಂದ ಆಗುವುದೇನು ಗೊತ್ತಾ? ಲೀಗಿನ ಅತಿ ದೊಡ್ಡ ಆಟಗಾರನಿಗೂ, ಇಪ್ಪತ್ತೈದನೇ ಸ್ಥಾನದವನಿಗೂ ಹತ್ತಿರಹತ್ತಿರ ಒಂದೇ ದರ.

2024-25ರ ಸೀಸನ್ ನೋಡಿ. ಡೆನ್ವರ್‌ನ ನಿಕೋಲಾ ಯೋಕಿಚ್ ಆಗಲೇ ಮೂರು ಬಾರಿ ಎಂವಿಪಿ, ಅಂದರೆ ಲೀಗಿನ ವರ್ಷದ ಅತ್ಯುತ್ತಮ ಆಟಗಾರ ಆದವರು, ತಂಡಕ್ಕೆ 2023ರಲ್ಲಿ ಚಾಂಪಿಯನ್ ಪಟ್ಟ ತಂದುಕೊಟ್ಟವರು. ಅವರ ಸಂಬಳ 5.14 ಕೋಟಿ. ಬೀಲ್ ಸಂಬಳ 5.02 ಕೋಟಿ. ವ್ಯತ್ಯಾಸ 12 ಲಕ್ಷ ಡಾಲರ್. ಹೀಗಿರುವಾಗ ಐದು ಕೋಟಿ ಜಾಸ್ತಿಯೋ ಕಮ್ಮಿಯೋ ಅಂತ ಸುಮ್ನೆ ಕೇಳಿದರೆ ಉತ್ತರವೇ ಇಲ್ಲ. ಯೋಕಿಚ್‌ಗೆ ಅದು ತೀರ ಕಮ್ಮಿ. ಮಿತಿ ಇಲ್ಲದಿದ್ದರೆ ಎರಡು ಪಟ್ಟು ಕೊಡಲು ಕ್ಯೂ ನಿಲ್ಲುತ್ತಿದ್ದರು. ಬೀಲ್‌ಗೆ ಅದೇ ದರ ಜಾಸ್ತಿ.

ಇನ್ನೊಂದು ಲೆಕ್ಕ ಇದೆ, ನನಗೆ ಬಹಳ ಇಷ್ಟವಾದದ್ದು. ಅದೇ ಸೀಸನ್ನಿನಲ್ಲಿ ಒಕ್ಲಹೋಮಾ ಸಿಟಿ ಥಂಡರ್ 68 ಪಂದ್ಯ ಗೆದ್ದು ಚಾಂಪಿಯನ್ ಆಯಿತು. ಅದರ ಮೂರು ಕಂಬಗಳು ಶೇ ಗಿಲ್ಜಸ್-ಅಲೆಕ್ಸಾಂಡರ್, ಚೆಟ್ ಹೋಮ್‌ಗ್ರೆನ್, ಜೇಲನ್ ವಿಲಿಯಮ್ಸ್. ಮೊದಲನೆಯವರಿಗೆ 3.59 ಕೋಟಿ, ಎರಡನೆಯವರಿಗೆ 1.09 ಕೋಟಿ, ಮೂರನೆಯವರಿಗೆ 48 ಲಕ್ಷ. ಕೂಡಿಸಿ. 5.16 ಕೋಟಿ ಆಗುತ್ತದೆ, ಹೆಚ್ಚುಕಮ್ಮಿ ಒಬ್ಬ ಬೀಲ್‌ನಷ್ಟು. ಹೋಮ್‌ಗ್ರೆನ್, ವಿಲಿಯಮ್ಸ್ ಇನ್ನೂ ಹೊಸಬರ ಕರಾರಿನಲ್ಲಿದ್ದರು, ಅದಕ್ಕೇ ಅಷ್ಟು ಕಮ್ಮಿ. ಥಂಡರ್‌ಗೂ ದುಬಾರಿ ದಿನಗಳು ಬರುತ್ತಿವೆ, ಮೂವರಿಗೂ ದೊಡ್ಡ ಕರಾರು ಬರೆದುಕೊಟ್ಟಾಗಿದೆ.

ಸನ್ಸ್ ಕಡೆ ಬನ್ನಿ. ಬುಕರ್ 4.92 ಕೋಟಿ, ಕೆವಿನ್ ಡ್ಯುರಾಂಟ್ 5.12 ಕೋಟಿ, ಬೀಲ್ 5.02 ಕೋಟಿ. ಮೂವರಿಗೇ 15.06 ಕೋಟಿ. ಆ ವರ್ಷದ ಕ್ಯಾಪ್ 14.06 ಕೋಟಿ! ಮೂರು ಜನರೇ ಕ್ಯಾಪ್ ದಾಟಿದರು. ತಂಡಕ್ಕೆ ಇನ್ನೂ ಹನ್ನೆರಡು ಜನ ಬೇಕು. ಕ್ಯಾಪ್ ದಾಟಲು ದಾರಿಗಳಿವೆ, ಆದರೆ ಮೇಲೆ ಇನ್ನೊಂದು ಗೆರೆ ಇದೆ. ಅದಕ್ಕೆ ಸೆಕೆಂಡ್ ಏಪ್ರನ್ ಅನ್ನುತ್ತಾರೆ. ಆ ವರ್ಷ ಅದು 18.89 ಕೋಟಿ. ಅದನ್ನು ದಾಟಿದವರಿಗೆ ತೆರಿಗೆ ಅಷ್ಟೇ ಅಲ್ಲ, ಕೈಯನ್ನೂ ಕಟ್ಟಿಹಾಕುತ್ತಾರೆ. ಇಬ್ಬರು ಆಟಗಾರರ ಸಂಬಳ ಸೇರಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ. ಟ್ರೇಡ್‌ನಲ್ಲಿ, ಅಂದರೆ ತಂಡಗಳ ನಡುವಿನ ಅದಲುಬದಲಿನಲ್ಲಿ, ಕಳಿಸಿದ್ದಕ್ಕಿಂತ ಜಾಸ್ತಿ ಸಂಬಳ ವಾಪಸ್ ತರುವಂತಿಲ್ಲ. ಏಳು ವರ್ಷ ಆಚೆಯ ಮೊದಲ ಸುತ್ತಿನ ಪಿಕ್ ಕೂಡ ಟ್ರೇಡ್ ಮಾಡಲಾಗದಂತೆ ಬೀಗ ಬೀಳುತ್ತದೆ.

ಸನ್ಸ್ ಅದನ್ನು ದಾಟಿತು. ಮಾಲೀಕ ಮ್ಯಾಟ್ ಇಶ್ಬಿಯಾ ದುಡ್ಡಿಗೆ ಹಿಂಜರಿಯುವವರಲ್ಲ, ಆ ಉತ್ಸಾಹ ನನಗೆ ಇಷ್ಟವೇ. ಮಿತಿಮೀರಿದ ಸಂಬಳಕ್ಕೆ ಲೀಗಿಗೆ ಕಟ್ಟುವ ಲಕ್ಷುರಿ ಟ್ಯಾಕ್ಸ್ ಒಂದೇ ಸುಮಾರು 15 ಕೋಟಿ ಡಾಲರ್ ಆಯಿತು. ಫಲ? 36 ಗೆಲುವು, 46 ಸೋಲು. ಮುಂದಿನ ಸುತ್ತಿಗೆ ಕೊನೆಯ ಅವಕಾಶವಾದ ಪ್ಲೇ-ಇನ್‌ಗೂ ಬರಲಿಲ್ಲ. ದುಡ್ಡು ಹೋದದ್ದಕ್ಕಿಂತ ಮನಸ್ಸಿಗೆ ನೋವಾದದ್ದು ಬೇರೆ. ಸೀಸನ್ ನಡುವೆ ತಂಡ ಸರಿಯಿಲ್ಲ ಅಂತ ಎಲ್ಲರಿಗೂ ಕಾಣುತ್ತಿತ್ತು, ಆದರೆ ರಿಪೇರಿ ಮಾಡಲು ಕೈಯೇ ಇರಲಿಲ್ಲ. ಹೋಟೆಲಿನವರಿಗೂ ಇದೇ ಆಗಿತ್ತು. ಗಿರಾಕಿ ಕಮ್ಮಿಯಾದಾಗ ಚಿಕ್ಕ ಜಾಗಕ್ಕೆ ಹೋಗೋಣ ಅಂದರೆ ಲೀಸ್ ಬಿಡಲಿಲ್ಲ.

2025ರ ಜುಲೈನಲ್ಲಿ ಡ್ಯುರಾಂಟ್ ಹ್ಯೂಸ್ಟನ್‌ಗೆ ಹೋದರು. ಅವರನ್ನು ತರಲು ಸನ್ಸ್ ಮಿಕಾಲ್ ಬ್ರಿಡ್ಜಸ್, ಕ್ಯಾಮ್ ಜಾನ್ಸನ್ ಜೊತೆಗೆ ನಾಲ್ಕು ಮೊದಲ ಸುತ್ತಿನ ಪಿಕ್ ಕೊಟ್ಟಿತ್ತು. ಕಳಿಸುವಾಗ ಮುಖ್ಯವಾಗಿ ಸಿಕ್ಕಿದ್ದು ಜೇಲನ್ ಗ್ರೀನ್, ಡಿಲನ್ ಬ್ರೂಕ್ಸ್, ಒಂದು ಮೊದಲ ಸುತ್ತಿನ ಪಿಕ್. ಅದೇ ತಿಂಗಳು ಬೀಲ್ ಜೊತೆ ಬೈಔಟ್ ಆಯಿತು, ಅಂದರೆ ಹಣ ಇತ್ಯರ್ಥ ಮಾಡಿಕೊಂಡು ಕರಾರು ಮುರಿದುಕೊಂಡರು. ಅವರಿಗೆ ಎರಡು ವರ್ಷಕ್ಕೆ 11 ಕೋಟಿಗೂ ಹೆಚ್ಚು ಬರಬೇಕಿತ್ತು. ಸುಮಾರು 1.4 ಕೋಟಿ ಬಿಟ್ಟುಕೊಟ್ಟರು. ಉಳಿದದ್ದನ್ನು ಸನ್ಸ್ ಐದು ವರ್ಷಕ್ಕೆ ಹಂಚಿಕೊಂಡಿತು. ವರ್ಷಕ್ಕೆ ಸುಮಾರು 1.94 ಕೋಟಿ, ಆಡದೇ ಇರುವ ಆಟಗಾರನ ಹೆಸರಲ್ಲಿ.

ಬೀಲ್ ಹೋಗಿ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಸೇರಿದರು, ಎರಡು ವರ್ಷಕ್ಕೆ 1.1 ಕೋಟಿಗೆ. ಅದೇ ಕೈ, ಅದೇ ಶಾಟ್, ಒಂದೇ ವಾರದ ಅಂತರ. ಇಲ್ಲಿ ಯಾರಿಗೂ ಬೇಡವಾಗಿದ್ದ ಕರಾರು, ಅಲ್ಲಿ ಎಲ್ಲರೂ ಒಳ್ಳೆ ವ್ಯಾಪಾರ ಅಂದ ಕರಾರು. ಮನುಷ್ಯ ಬದಲಾಗಿರಲಿಲ್ಲ, ಕಾಗದ ಬದಲಾಗಿತ್ತು. ಆಮೇಲೆ ನವೆಂಬರ್‌ನಲ್ಲಿ, ಆರು ಪಂದ್ಯ ಆಡುವಷ್ಟರಲ್ಲಿ, ಸೊಂಟದ ಮೂಳೆ ಮುರಿದು ಅವರ ಸೀಸನ್ನೇ ಮುಗಿಯಿತು. ಪಾಪ, ಕೇಳಿ ಬಹಳ ಬೇಜಾರಾಯಿತು. ಕ್ಲಿಪ್ಪರ್ಸ್‌ಗೂ ಪೆಟ್ಟೇ, ಆದರೆ ಚಿಕ್ಕ ಕರಾರು, ಚಿಕ್ಕ ಪೆಟ್ಟು.

ಬುಕರ್ ವಿಷಯಕ್ಕೆ ಬಂದರೆ ನಾನು ಎಚ್ಚರದಿಂದ ಮಾತಾಡುತ್ತೇನೆ. 2015ರಲ್ಲಿ 13ನೇ ಪಿಕ್ ಆಗಿ ಬಂದ ಹುಡುಗ, ಇಪ್ಪತ್ತು ವರ್ಷದವನಿದ್ದಾಗ ಬಾಸ್ಟನ್‌ನಲ್ಲಿ 70 ಅಂಕ ಹೊಡೆದ. 2021ರಲ್ಲಿ ತಂಡವನ್ನು ಫೈನಲ್ಸ್‌ವರೆಗೆ ಕರೆದೊಯ್ದ. ಈಗ ಸನ್ಸ್ ಚರಿತ್ರೆಯಲ್ಲೇ ಅತಿ ಹೆಚ್ಚು ಅಂಕ ಅವನದ್ದು. ಹಳೆಯ ಕರಾರು 2028ರವರೆಗೆ ಇದೆ, ಅದು ನನ್ನ ಲೆಕ್ಕದಲ್ಲಿ ಸರಿಯಾಗಿಯೇ ಇದೆ. ಹೊಸ ಎರಡು ವರ್ಷ ಶುರುವಾಗುವಾಗ ಅವನಿಗೆ 32 ತುಂಬುತ್ತದೆ. ಆಗಲೂ ಕ್ಯಾಪ್‌ನ ಮೂರನೇ ಒಂದು ಭಾಗ ಅವನೊಬ್ಬನಿಗೇ. ಮಾರುಕಟ್ಟೆಯ ಬೆಲೆ ಕೇಳಿದರೆ ಆ ಎರಡು ವರ್ಷ ಸ್ವಲ್ಪ ಜಾಸ್ತಿ ಆಯಿತು ಅಂತಲೇ ಬರೆದುಕೊಡುತ್ತೇನೆ. ಆದರೆ ನಮ್ಮ ಕೆಲಸದಲ್ಲಿ ಇನ್ನೊಂದು ಬೆಲೆ ಇದೆ: ಈ ಮಾಲೀಕನಿಗೆ, ಈ ಊರಿನಲ್ಲಿ ಇದು ಎಷ್ಟು ಬಾಳುತ್ತೆ ಅಂತ. ಡ್ಯುರಾಂಟ್ ಹೋದ, ಬೀಲ್ ಹೋದ. ಬುಕರ್ ಕೂಡ ಹೋದರೆ ಜನ ಟಿಕೆಟ್ ತೆಗೆದುಕೊಂಡು ಯಾರನ್ನು ನೋಡಲು ಬರಬೇಕು? ಆ ಲೆಕ್ಕದಲ್ಲಿ ಮಾಲೀಕರ ಸಹಿ ನನಗೆ ಅರ್ಥವಾಗುತ್ತದೆ. ಅವನ ಕರಾರಿನಲ್ಲಿ ಬೀಲ್‌ನಂಥ ಷರತ್ತೂ ಇಲ್ಲ. ನಾಳೆ ಬೇಕಾದರೆ ದಾರಿ ತೆರೆದಿರುತ್ತದೆ.

ಹೋಟೆಲಿನವರು ಕೊನೆಗೆ ಮಾಲೀಕನ ಜೊತೆ ಮಾತಾಡಿ, ಹದಿನೆಂಟು ತಿಂಗಳ ಬಾಡಿಗೆಯನ್ನು ಕಂತಿನಲ್ಲಿ ಕಟ್ಟಲು ಒಪ್ಪಿ ಹೊರಗೆ ಬಂದರು. ಈಗ ಆರು ಮೇಜಿನ ಚಿಕ್ಕ ಹೋಟೆಲ್ ಇಟ್ಟಿದ್ದಾರೆ. ಹೊಸ ಲೀಸನ್ನು ಸಹಿಗೆ ಮೊದಲೇ ತಂದು ತೋರಿಸಿದರು. ಅವತ್ತು ನನಗೆ ಆದ ಸಂತೋಷ ಹೇಳತೀರದು.

ಆ ಪೂಜೆಯ ದಿನ ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಪೇಪರ್ ನ್ಯಾಪ್ಕಿನ್ ಮೇಲೆ ಎರಡು ಅಂಕಿ ಬರೆದುಕೊಟ್ಟೆ. 2025-26ರ ಸೀಸನ್ನಿಗೆ ಬುಕರ್ ಸಂಬಳ 5.31 ಕೋಟಿ, ಕ್ಯಾಪ್ 15.46 ಕೋಟಿ. ಅವನು ಫೋನಿನಲ್ಲಿ ಭಾಗಿಸಿದ. "ಥರ್ಟಿ ಫೋರ್ ಪರ್ಸೆಂಟ್ ಅಂಕಲ್." ಈಗ ಬೀಲ್‌ದು ಹಾಕು ಅಂದೆ, 1.94. ಹಾಕಿದ. ಹನ್ನೆರಡೂವರೆ ಬಂತು.

"ಬೀಲ್ ನಮ್ಮ ಟೀಮಲ್ಲಿ ಇಲ್ವಲ್ಲ?"

"ಇಲ್ಲ ಕಣೋ."

"ಮತ್ತೆ ಎಷ್ಟು ವರ್ಷ ಇದು?"

2030ರವರೆಗೆ ಅಂದೆ. ಅವನು ಬೆರಳು ಮಡಚಿ ಎಣಿಸಿದ. "ಅಷ್ಟೊತ್ತಿಗೆ ನಾನು ಹೈಸ್ಕೂಲು ಮುಗಿಸ್ತಿರ್ತೀನಿ" ಅಂದ.