ಬರಿದಾದ ಬೊಕ್ಕಸದಿಂದ ಒಲಿಂಪಿಕ್ಸ್‌ವರೆಗೆ: ಮೆಲ್‌ರೋಸ್ ಸೆವೆನ್ಸ್ ನಡೆದುಬಂದ ದಾರಿ

ಸ್ಕಾಟ್ಲೆಂಡ್‌ನ ದಕ್ಷಿಣ ಅಂಚಿನ ಬಾರ್ಡರ್ಸ್ ಪ್ರಾಂತ್ಯದಲ್ಲಿ, ಟ್ವೀಡ್ ನದಿಯ ದಡದಲ್ಲಿರುವ ಮೆಲ್‌ರೋಸ್ ಎರಡು ಸಾವಿರದಷ್ಟು ಜನರ ಪುಟ್ಟ ಪಟ್ಟಣ. 12ನೇ ಶತಮಾನದಲ್ಲಿ ಸ್ಥಾಪನೆಯಾದ ಕ್ರೈಸ್ತ ಮಠದ ಅವಶೇಷಗಳಿಗೆ ಅದು ಎಷ್ಟು ಹೆಸರುವಾಸಿಯೋ, ಪ್ರತಿ ಏಪ್ರಿಲ್‌ನಲ್ಲಿ ಗ್ರೀನ್‌ಯಾರ್ಡ್ಸ್ ಮೈದಾನದಲ್ಲಿ ನಡೆಯುವ ಏಳು ಆಟಗಾರರ ರಗ್ಬಿ ಪಂದ್ಯಾವಳಿಗೂ ಅಷ್ಟೇ ಹೆಸರುವಾಸಿ. ಒಲಿಂಪಿಕ್ಸ್ ಮಟ್ಟಕ್ಕೆ ಬೆಳೆದಿರುವ ರಗ್ಬಿ ಸೆವೆನ್ಸ್ ಹುಟ್ಟಿದ್ದು ಇಲ್ಲಿಯೇ, ಅದೂ ಕ್ಲಬ್ಬೊಂದರ ಹಣದ ಮುಗ್ಗಟ್ಟಿನಿಂದ.

ಮೆಲ್‌ರೋಸ್ ಕ್ಲಬ್ 1877ರಲ್ಲಿ ನೆರೆಯ ಗಾಲಾಶೀಲ್ಸ್ ಪಟ್ಟಣದೊಂದಿಗಿನ ಕೂಡು ಕ್ಲಬ್ಬಿನಿಂದ ಬೇರೆಯಾಗಿ ರೂಪುಗೊಂಡಿತು. ಬೇರೆಯಾಗುವಾಗ ಮೆಲ್‌ರೋಸ್‌ನವರು ಗೋಲು ಕಂಬಗಳನ್ನೂ ಹೊತ್ತುಕೊಂಡು ಹೋದರೆಂಬ ಕಥೆಯೊಂದಿದೆ. ಅದು ದಂತಕಥೆಯೇ ಇರಬಹುದು, ಆದರೆ ಎರಡೂ ಊರುಗಳ ನಡುವಿನ ಜಿದ್ದು ಮಾತ್ರ ನಿಜ. ಹೊಸ ಕ್ಲಬ್ ಆರು ವರ್ಷ ಕಳೆಯುವಷ್ಟರಲ್ಲಿ ಮುಚ್ಚುವ ಭೀತಿಗೆ ಸಿಲುಕಿತು. ಆಗ ಕ್ಲಬ್ಬಿನ ಆಟಗಾರನೂ ವೃತ್ತಿಯಿಂದ ಮಾಂಸದ ವ್ಯಾಪಾರಿಯೂ ಆಗಿದ್ದ ನೆಡ್ ಹೇಗ್, ಕ್ರೀಡಾಕೂಟದ ಜೊತೆಗೆ ರಗ್ಬಿ ಪಂದ್ಯಾವಳಿಯೊಂದನ್ನು ನಡೆಸಿದರೆ ಜನ ಸೇರುತ್ತಾರೆ ಎಂದು ಸೂಚಿಸಿದ. ತಂಡಕ್ಕೆ 15 ಮಂದಿಯಂತೆ ಒಂದೇ ಮಧ್ಯಾಹ್ನದಲ್ಲಿ ಹಲವು ಪಂದ್ಯಗಳನ್ನು ಮುಗಿಸುವುದು ಅಸಾಧ್ಯವಾದ್ದರಿಂದ ಆಟಗಾರರ ಸಂಖ್ಯೆಯನ್ನು ಏಳಕ್ಕೆ ಇಳಿಸಲಾಯಿತು ಎಂದು ಹೇಗ್ ಮುಂದೆ ತಾನೇ ಬರೆದಿದ್ದಾನೆ. ಅದೇ ಕಸುಬಿನ ಸಹ ಆಟಗಾರ ಡೇವಿಡ್ ಸ್ಯಾಂಡರ್ಸನ್ ಕೂಡ ಈ ಯೋಜನೆಯಲ್ಲಿ ಪಾಲುದಾರನಾಗಿದ್ದ ಎಂಬ ಮಾತಿದೆ. ಚರಿತ್ರೆ ಹೇಗ್‌ನ ಹೆಸರನ್ನೇ ಹೆಚ್ಚು ನೆನಪಿಟ್ಟುಕೊಂಡಿದೆಯಾದರೂ ಈ ಶ್ರೇಯವನ್ನು ಇಬ್ಬರಿಗೂ ಹಂಚುವುದೇ ನ್ಯಾಯ ಎಂದು ನನಗನ್ನಿಸುತ್ತದೆ.

1883ರ ಏಪ್ರಿಲ್ 28ರಂದು ನಡೆದ ಆ ಮೊದಲ ಕೂಟದಲ್ಲಿ ಓಟದ ಸ್ಪರ್ಧೆಗಳಿದ್ದವು, ಚೆಂಡನ್ನು ಒದೆಯುವ ಸ್ಪರ್ಧೆಗಳೂ ಇದ್ದವು. ಆದರೆ ಜನ ಮುಗಿಬಿದ್ದದ್ದು ಏಳು ಮಂದಿಯ ಆಟಕ್ಕೆ. ಗಾಲಾಶೀಲ್ಸ್ ಮತ್ತು ಹಾವಿಕ್‌ಗಳಿಂದ ವಿಶೇಷ ರೈಲುಗಳು ಬಂದವು, ಮೆಲ್‌ರೋಸ್ ನಿಲ್ದಾಣದಲ್ಲಿ ಆ ದಿನ ಸುಮಾರು 1,600 ಟಿಕೆಟ್‌ಗಳು ಸಂಗ್ರಹವಾದವು. ಗೆದ್ದವರಿಗೆಂದು ಪಟ್ಟಣದ ಮಹಿಳೆಯರು ನೀಡಿದ ಬೆಳ್ಳಿಯ ಬಟ್ಟಲು ‘ಲೇಡೀಸ್ ಕಪ್’ ಎಂದೇ ಹೆಸರಾಯಿತು. ಫೈನಲ್‌ನಲ್ಲಿ ಎದುರಾದವರು ಹಳೆಯ ಪ್ರತಿಸ್ಪರ್ಧಿಗಳಾದ ಮೆಲ್‌ರೋಸ್ ಮತ್ತು ಗಾಲಾಶೀಲ್ಸ್‌ನ ಕ್ಲಬ್ಬಾದ ಗಾಲಾ. ನಿಗದಿತ 15 ನಿಮಿಷಗಳಲ್ಲಿ ಯಾರೂ ಅಂಕ ಗಳಿಸದಿದ್ದಾಗ ಇನ್ನೂ ಕಾಲು ಗಂಟೆ ಆಡುವುದೆಂದು ಒಪ್ಪಂದವಾಯಿತು. ಹತ್ತು ನಿಮಿಷಗಳ ನಂತರ ಸ್ಯಾಂಡರ್ಸನ್ ಟ್ರೈ (ಎದುರಾಳಿಯ ಗೋಲು ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಗಳಿಸಿದ್ದೇ ತಡ, ಮೆಲ್‌ರೋಸ್ ಆಟಗಾರರು ಗೋಲಿಗಾಗಿ ಒದೆಯಲೂ ನಿಲ್ಲದೆ, ಉಳಿದ ಆಟವನ್ನೂ ಪೂರೈಸದೆ, ಜನರ ಜಯಘೋಷದ ನಡುವೆ ಮೈದಾನದಿಂದ ಹೊರನಡೆದು ಕಪ್ ತಮ್ಮದೆಂದರು. ಪೂರ್ತಿ ಕಾಲು ಗಂಟೆ ಆಡಬೇಕಿತ್ತೆಂದು ಗಾಲಾದವರು ಪ್ರತಿಭಟಿಸಿದರೂ ಕಪ್ ಮೆಲ್‌ರೋಸ್‌ನಲ್ಲೇ ಉಳಿಯಿತು. ಹೆಚ್ಚುವರಿ ಅವಧಿಯಲ್ಲಿ ಮೊದಲು ಅಂಕ ಗಳಿಸಿದವರೇ ವಿಜೇತರು ಎಂಬ, ಸೆವೆನ್ಸ್‌ನಲ್ಲಿ ಮುಂದೆ ರೂಢಿಯಾದ ನಿಯಮವನ್ನು ಆ ದಿನದ ತಂಡ ತನಗೆ ತಾನೇ ಅನ್ವಯಿಸಿಕೊಂಡಂತಿತ್ತು. ನನ್ನ ಮಟ್ಟಿಗೆ ಗಾಲಾದವರ ದೂರಿನಲ್ಲಿ ಹುರುಳಿತ್ತು.

ಆಟಗಾರರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದರೂ ಮೈದಾನದ ಅಳತೆ ಹಾಗೆಯೇ ಉಳಿದದ್ದು ಈ ಆಟದ ಗುಣವನ್ನೇ ಬದಲಿಸಿತು. ದೇಹಬಲದ ನೂಕಾಟಕ್ಕಿಂತ ಓಟ, ಪಾಸು ಮತ್ತು ಎದುರಾಳಿಯನ್ನು ತಪ್ಪಿಸಿ ನುಗ್ಗುವ ಚಾಕಚಕ್ಯತೆಗೆ ಇಲ್ಲಿ ಬೆಲೆ ಬಂತು. ಚೆಂಡು ಹಿಡಿದವನನ್ನು ಹಿಡಿದು ಕೆಡಹುವ ಒಂದು ಟ್ಯಾಕಲ್ ತಪ್ಪಿದರೆ ಮುಂದಿನದು ಬರಿಯ ಬಯಲು. ನೆರೆಹೊರೆಯ ಕ್ಲಬ್‌ಗಳು ಇದನ್ನು ಬಹುಬೇಗ ಅನುಕರಿಸಿದವು. ಗಾಲಾ 1884ರಲ್ಲಿ, ಹಾವಿಕ್ 1885ರಲ್ಲಿ ತಮ್ಮದೇ ಕೂಟಗಳನ್ನು ಆರಂಭಿಸಿದವು.

ಗಡಿಯಾಚೆಗೆ ಆಟ ದಾಟಲು ಮಾತ್ರ ದಶಕಗಳೇ ಬೇಕಾದವು. ಲಂಡನ್ನಿನಲ್ಲಿ ಮಿಡಲ್‌ಸೆಕ್ಸ್ ಸೆವೆನ್ಸ್ ಶುರುವಾದದ್ದು 1926ರಲ್ಲಿ, ಸ್ಕಾಟ್ಲೆಂಡ್ ಮೂಲದ ವೈದ್ಯ ರಸೆಲ್ ಕಾರ್ಗಿಲ್ ಅವರ ಪ್ರಯತ್ನದಿಂದ. 1973ರಲ್ಲಿ ಸ್ಕಾಟಿಷ್ ರಗ್ಬಿ ಯೂನಿಯನ್ನಿನ ಶತಮಾನೋತ್ಸವಕ್ಕೆಂದು ಎಡಿನ್‌ಬರ್ಗ್‌ನ ಮರ್ರೇಫೀಲ್ಡ್ ಕ್ರೀಡಾಂಗಣದಲ್ಲಿ ರಾಷ್ಟ್ರೀಯ ತಂಡಗಳ ಸೆವೆನ್ಸ್ ನಡೆಯಿತು, 1976ರಲ್ಲಿ ಹಾಂಗ್‌ಕಾಂಗ್ ಸೆವೆನ್ಸ್ ಆರಂಭವಾಯಿತು. 1993ರಲ್ಲಿ ಮೊದಲ ಸೆವೆನ್ಸ್ ವಿಶ್ವಕಪ್ ಮರ್ರೇಫೀಲ್ಡ್‌ನಲ್ಲೇ ನಡೆದಾಗ ಅದರ ಪ್ರಶಸ್ತಿಗೆ ‘ಮೆಲ್‌ರೋಸ್ ಕಪ್’ ಎಂದು ಹೆಸರಿಟ್ಟದ್ದು ಸಲ್ಲಬೇಕಾದ ಗೌರವವೇ ಸರಿ. 2016ರ ರಿಯೊ ಒಲಿಂಪಿಕ್ಸ್‌ನ ಪುರುಷರ ಫೈನಲ್‌ನಲ್ಲಿ ಫಿಜಿ ಬ್ರಿಟನ್ನನ್ನು 43–7ರಿಂದ ಮಣಿಸಿ ತನ್ನ ದೇಶಕ್ಕೆ ಮೊಟ್ಟಮೊದಲ ಒಲಿಂಪಿಕ್ ಪದಕವನ್ನು ತಂದುಕೊಟ್ಟಿತು.

ಇಷ್ಟಾದರೂ ಮೂಲ ಪಂದ್ಯಾವಳಿ ಕ್ಲಬ್‌ಗಳ ಕೂಟವಾಗಿಯೇ ಉಳಿದಿದೆ. ದೂರದೂರದ ತಂಡಗಳಿಗೂ ಅದು ಬಾಗಿಲು ತೆರೆದಿದೆ. 1983ರ ಶತಮಾನೋತ್ಸವದಲ್ಲಿ ಫ್ರೆಂಚ್ ಬಾರ್ಬೇರಿಯನ್ಸ್, 1990ರಲ್ಲಿ ಸಿಡ್ನಿಯ ರಾಂಡ್‌ವಿಕ್ ಇಲ್ಲಿ ಗೆದ್ದ ಹೊರಗಿನ ತಂಡಗಳು. ವಿಶೇಷ ರೈಲುಗಳನ್ನು ತಂದಿದ್ದ ವೇವರ್ಲಿ ಮಾರ್ಗ 1969ರಲ್ಲಿ ಮುಚ್ಚಿದ ಮೇಲೂ ಜನ ಬರುವುದು ನಿಲ್ಲಲಿಲ್ಲ. ಕೋವಿಡ್‌ನಿಂದಾಗಿ 2020 ಮತ್ತು 2021ರಲ್ಲಿ ರದ್ದಾಗಿದ್ದ ಪಂದ್ಯಾವಳಿ 2022ರ ಏಪ್ರಿಲ್‌ನಲ್ಲಿ ಗ್ರೀನ್‌ಯಾರ್ಡ್ಸ್‌ನಲ್ಲಿ ಮತ್ತೆ ನಡೆಯಿತು.